ಮಕರ ರಾಶಿ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಹತ್ತಿರ ಬಂದಾಗ, ಮನೆಯಲ್ಲಿ ಮದುವೆ ಮಾತು ಎದ್ದಾಗ, ಇಲ್ಲವೇ ಯಾರಾದರೂ ಸಾಡೇಸಾತಿ ಎಂದು ಹೆದರಿಸಿದಾಗ ಬರುವ ಪ್ರಶ್ನೆಗಳಿವು. ಡೊಂಬಿವಲಿ, ಮುಲುಂಡ್, ಮಾಟುಂಗಾದ ಕನ್ನಡದ ಮನೆಗಳಲ್ಲಿ ಗೊಂದಲ ಸ್ವಲ್ಪ ಜಾಸ್ತಿಯೇ. ಊರಿನ ಭಟ್ಟರು ಬರೆದ ಜಾತಕ ಒಂದು ಹೇಳುತ್ತದೆ, ಇಲ್ಲಿಯ ಗುರೂಜಿ ‘ತುಮ್ಚೀ ರಾಸ್ ಕೋಣ್ತೀ?’ ಎಂದು ಕೇಳಿ ಇನ್ನೊಂದು ಚೌಕ ಬರೆಯುತ್ತಾರೆ, ಮಕ್ಕಳು ಮೊಬೈಲ್ ನೋಡಿ ‘ನಾನು ಕ್ಯಾಪ್ರಿಕಾರ್ನ್’ ಅನ್ನುತ್ತಾರೆ. ಮೂವರೂ ಬೇರೆ ಬೇರೆ ವಿಷಯ ಹೇಳುತ್ತಿರಬಹುದು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಇಂಗ್ಲಿಷ್ ಪೇಪರಿನ ಪ್ರಕಾರ ನಾನು ಮಕರ, ಜಾತಕದಲ್ಲಿ ತುಲಾ ಅಂತಿದೆ. ಯಾವುದು ಸರಿ?

ಎರಡೂ ಅವುಗಳ ಲೆಕ್ಕದಲ್ಲಿ ಸರಿ. ನಮ್ಮಲ್ಲಿ ‘ರಾಶಿ’ ಅಂದರೆ ಹುಟ್ಟಿದ ಹೊತ್ತಿಗೆ ಚಂದ್ರ ಇದ್ದ ರಾಶಿ. ಪೇಪರಿನ ಕಾಲಂ ನೋಡುವುದು ಸೂರ್ಯನನ್ನು. ಸೂರ್ಯ ಒಂದು ರಾಶಿಯಲ್ಲಿ ತಿಂಗಳಿಡೀ ಇರುತ್ತಾನೆ, ಆದ್ದರಿಂದ ಹುಟ್ಟಿದ ತಾರೀಖು ಗೊತ್ತಿದ್ದರೆ ಸಾಕು, ಪೇಪರಿನವರಿಗೆ ಅನುಕೂಲ. ಚಂದ್ರ ಒಂದು ರಾಶಿಯಲ್ಲಿ ಇರುವುದು ಎರಡೂಕಾಲು ದಿನ ಮಾತ್ರ. ಅದಕ್ಕೆ ವರ್ಷವೂ ಬೇಕು, ಸಮಯವೂ ಬೇಕು. ಪೇಪರಿನಲ್ಲಿ ಸೂರ್ಯ ರಾಶಿಯ ಭವಿಷ್ಯ ಬರೆಯುವ ಪದ್ಧತಿ ಬಹಳ ಹಳೆಯದೂ ಅಲ್ಲ. 1930ರಲ್ಲಿ ಲಂಡನ್ನಿನ ಒಂದು ಭಾನುವಾರದ ಪತ್ರಿಕೆ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಅವಳ ಭವಿಷ್ಯ ಬರೆಸಿತು. ಜನ ಮೆಚ್ಚಿದರು, ಕಾಲಂ ನಿಂತೇಬಿಟ್ಟಿತು.

ಇನ್ನೊಂದು ತೊಡಕೂ ಇದೆ. ಸೂರ್ಯನನ್ನೇ ಹಿಡಿದರೂ ಪಶ್ಚಿಮದವರ ಮಕರ ಡಿಸೆಂಬರ್ 22ರ ಸುಮಾರಿಗೆ ಶುರುವಾಗಿ ಜನವರಿ 19ಕ್ಕೆ ಮುಗಿಯುತ್ತದೆ. ನಮ್ಮದು ಜನವರಿ 14 ಅಥವಾ 15ರಿಂದ ಫೆಬ್ರವರಿ 12ರ ಆಸುಪಾಸಿನವರೆಗೆ. ಅವರು ವಿಷುವ ಬಿಂದುವಿನಿಂದ (ಹಗಲು ರಾತ್ರಿ ಸಮನಾಗುವ ದಿನ ಸೂರ್ಯ ಇರುವ ಜಾಗದಿಂದ) ಎಣಿಸುತ್ತಾರೆ, ನಾವು ನಕ್ಷತ್ರಗಳಿಂದ. ಇವೆರಡರ ನಡುವಿನ ಅಂತರಕ್ಕೆ ಅಯನಾಂಶ ಎನ್ನುತ್ತಾರೆ, ಈಗ ಅದು ಸುಮಾರು 24 ಡಿಗ್ರಿ. ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1950ರ ದಶಕದಲ್ಲಿ ಒಪ್ಪಿದ ಅಯನಾಂಶವೇ ಇವತ್ತಿನ ಹೆಚ್ಚಿನ ಪಂಚಾಂಗ, ಆ್ಯಪ್‌ಗಳಲ್ಲಿ ‘ಲಾಹಿರಿ’ ಎಂಬ ಹೆಸರಿನಲ್ಲಿ ಇರುವುದು. ಮಹಾರಾಷ್ಟ್ರದಲ್ಲಿ ಕೆಲವೇ ಮನೆಗಳು ಇಂದಿಗೂ ಇಟ್ಟುಕೊಂಡಿರುವ ಟಿಳಕ ಪಂಚಾಂಗದ ಅಯನಾಂಶ ಇದಕ್ಕಿಂತ ಸುಮಾರು ನಾಲ್ಕು ಡಿಗ್ರಿ ಕಡಿಮೆ. ಹಾಗಾಗಿ ಅಂಥ ಮನೆಯಲ್ಲಿ ಸಂಕ್ರಾಂತಿಯೇ ನಾಲ್ಕು ದಿನ ಮೊದಲು ಬರುತ್ತದೆ. ಪಕ್ಕದ ಮನೆಯವರು ಮುಂಚೆಯೇ ತಿಳಗುಳ ಕೊಟ್ಟರೆ ಗಾಬರಿ ಬೇಡ, ತಿಂದುಬಿಡಿ.

ಮಕರ ಅಂದರೆ ಯಾವ ಪ್ರಾಣಿ? ಮೊಸಳೆಯೋ, ಆಡೋ?

ಕ್ಯಾಲೆಂಡರಿನ ಚಿತ್ರದಲ್ಲಿ ಮೊಸಳೆ, ಮೊಬೈಲಿನ ಚಿತ್ರದಲ್ಲಿ ಕೊಂಬಿನ ಆಡು. ಎರಡರ ಹಿಂದೆಯೂ ಒಂದು ಮಿಶ್ರ ಪ್ರಾಣಿ ಇದೆ.

ಆಡಿನ ಕಥೆ ಬ್ಯಾಬಿಲೋನಿನದು. ಅಲ್ಲಿ ಮುಂಭಾಗ ಆಡು, ಹಿಂಭಾಗ ಮೀನು. ಅದು ನೀರಿಗೂ ಜಾಣತನಕ್ಕೂ ಒಡೆಯನಾದ ಈಯಾ ದೇವರಿಗೆ ಸೇರಿದ್ದು. ಗ್ರೀಕರು, ರೋಮನ್ನರು ಅದನ್ನೇ ಮುಂದುವರಿಸಿದರು. ರೋಮಿನ ಚಕ್ರವರ್ತಿ ಅಗಸ್ಟಸ್ ಇದನ್ನು ತನ್ನ ನಾಣ್ಯಗಳ ಮೇಲೆ ಅಚ್ಚು ಹಾಕಿಸಿದ. ಅವನು ಹುಟ್ಟಿದ್ದು ಸೆಪ್ಟೆಂಬರಿನಲ್ಲಿ, ಅಂದರೆ ಸೂರ್ಯ ಮಕರದಲ್ಲಿ ಇರಲೇ ಇಲ್ಲ. ಚಂದ್ರ ಮಕರದಲ್ಲಿ ಇದ್ದದ್ದೇ ಕಾರಣ ಎಂಬ ವಾದವಿದೆ. ಹಾಗಿದ್ದರೆ ಅವನೂ ನಮ್ಮ ಲೆಕ್ಕದವನೇ!

ನಮ್ಮ ಮಕರ ನೀರಿನದು. ವರುಣನಿಗೆ ವಾಹನ, ಗಂಗೆಗೆ ವಾಹನ, ಮನ್ಮಥನ ಬಾವುಟದ ಮೇಲಿನ ಗುರುತು. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಕೃಷ್ಣ ಜಲಚರಗಳಲ್ಲಿ ತಾನು ಮಕರ ಎನ್ನುತ್ತಾನೆ. ಅದರ ರೂಪ ಸರಿಯಾಗಿ ನೋಡಬೇಕಿದ್ದರೆ ದೇವಸ್ಥಾನಕ್ಕೇ ಹೋಗಬೇಕು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಹಂಸಗಳ ಜೊತೆ ಮಕರದ ಸಾಲೂ ಇದೆ. ಆನೆಯ ಸೊಂಡಿಲು, ಮೊಸಳೆಯ ದವಡೆ, ಮೇಲಕ್ಕೆ ಸುರುಳಿ ಸುತ್ತಿಕೊಂಡ ಹೂಬಳ್ಳಿಯಂಥ ಬಾಲ. ಬಾಗಿಲ ಮೇಲೆ ಎರಡು ಮಕರಗಳ ಬಾಯಿಂದ ಹೊರಟ ಕಮಾನು ನಡುವೆ ಕೂಡಿಕೊಂಡರೆ ಅದು ಮಕರ ತೋರಣ. ಮುಂಬೈಯಿಂದ ರಜೆಗೆ ಎಲ್ಲೋರಕ್ಕೆ ಹೋಗುವವರು ಕೈಲಾಸ ನೋಡಿ ತಿರುಗಿಬಿಡುತ್ತಾರೆ. ಇಪ್ಪತ್ತೊಂದನೆಯ ಗುಹೆಗೂ ಹೋಗಿ, ಮಕರದ ಮೇಲೆ ನಿಂತ ಗಂಗೆ ಹೊರಗೋಡೆಯಲ್ಲೇ ಸಿಗುತ್ತಾಳೆ.

ಈ ಎರಡು ಕಥೆಗಳು ಕೂಡುವ ಜಾಗವೂ ಒಂದಿದೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ರಾಶಿಗಳ ರೂಪ ಹೇಳುವಾಗ ಮಕರಕ್ಕೆ ಮೃಗದ ಮುಖ ಕೊಡುತ್ತಾನೆ. ಮೈ ನೀರಿನದು, ಮೋರೆ ನೆಲದ್ದು.

ಮಕರ ರಾಶಿಯವರ ಗುಣ ಏನು? ದುಡಿಮೆ, ಶಿಸ್ತು ಅಂತಾರಲ್ಲ?

ಎಲ್ಲರೂ ಹೇಳುವ ಪಟ್ಟಿ ಇದು: ಕಷ್ಟಜೀವಿ, ತಾಳ್ಮೆಯವರು, ಮಾತು ಕಡಿಮೆ, ದುಡ್ಡು ಬಿಗಿ, ಮಹತ್ವಾಕಾಂಕ್ಷಿ, ಮನಸ್ಸಿನಲ್ಲಿರುವುದನ್ನು ಬಿಟ್ಟುಕೊಡುವವರಲ್ಲ. ಚಿಕ್ಕವರಿದ್ದಾಗಲೇ ಮುದುಕರ ಹಾಗೆ, ವಯಸ್ಸಾದ ಮೇಲೆ ಲವಲವಿಕೆ. ಈ ಪಟ್ಟಿ ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿದರೆ ವಿಷಯ ರಂಗೇರುತ್ತದೆ.

ತಾಳ್ಮೆ, ಬಿಗಿತನ, ತಡವಾಗಿ ಸಿಗುವ ಫಲ, ಇವು ರಾಶಿಯ ಒಡೆಯ ಶನಿಯಿಂದ ಬಂದವು. ಕಣ್ಣಿಗೆ ಕಾಣುವ ಗ್ರಹಗಳಲ್ಲಿ ಅವನೇ ಅತಿ ನಿಧಾನ, ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಕಾಲು ನೆಲದ ಮೇಲಿರುವುದು, ಲೆಕ್ಕಾಚಾರ, ಇವು ಪೃಥ್ವೀತತ್ತ್ವದಿಂದ. ಸುಮ್ಮನೆ ಕೂರದೆ ಏನಾದರೊಂದು ಶುರು ಮಾಡುವುದು ಚರರಾಶಿಯಾದ್ದರಿಂದ. ಕುಜ ಇಲ್ಲಿ ಉಚ್ಚ, ಗುರು ಇಲ್ಲಿ ನೀಚ. ಹಾಗಾಗಿ ಕೆಲಸದವನಿಗೆ ಬಲ, ಉಪದೇಶದವನಿಗೆ ಬಲವಿಲ್ಲ ಎಂದು ಜ್ಯೋತಿಷಿಗಳು ಅರ್ಥ ಮಾಡುತ್ತಾರೆ. ಇನ್ನು ಮಹತ್ವಾಕಾಂಕ್ಷೆ, ಮೇಲೇರುವ ಹಟ, ಇವು ಬೆಟ್ಟ ಹತ್ತುವ ಆಡಿನಿಂದ. ಅದು ನಮ್ಮ ಚಿತ್ರದಲ್ಲೇ ಇಲ್ಲ.

ಇದೆಲ್ಲ ಬದಿಗಿಟ್ಟು ಬೃಹಜ್ಜಾತಕ ತೆರೆದರೆ ಬೇರೆಯೇ ಮನುಷ್ಯ ಎದುರಿಗೆ ಬರುತ್ತಾನೆ. ಚಂದ್ರ ಮಕರದಲ್ಲಿದ್ದರೆ ಹೆಂಡತಿ ಮಕ್ಕಳನ್ನು ಯಾವಾಗಲೂ ಮುದ್ದು ಮಾಡುತ್ತಿರುತ್ತಾನೆ, ಧರ್ಮವನ್ನು ಹತ್ತು ಜನರಿಗೆ ಕಾಣುವ ಹಾಗೆ ಮಾಡುತ್ತಾನೆ, ಸೊಂಟದಿಂದ ಕೆಳಗೆ ಸಣ್ಣ, ಕಣ್ಣು ಚೆಂದ. ಹೇಳಿದ್ದನ್ನು ಕೇಳುತ್ತಾನೆ, ಅದೃಷ್ಟವಂತ, ಸೋಮಾರಿ. ಚಳಿ ತಡೆಯಲಾರ, ಊರೂರು ತಿರುಗುತ್ತಾನೆ, ಕಾವ್ಯ ಬರೆಯುತ್ತಾನೆ, ಆಸೆಬುರುಕ. ನಾಚಿಕೆ, ಕರುಣೆ ಎರಡೂ ಕಮ್ಮಿ. ವಯಸ್ಸಾದ ಹೆಂಗಸರ ಬಗ್ಗೆಯೂ ಒಂದು ಮಾತಿದೆ, ಅದು ಇಲ್ಲಿ ಬೇಡ.

ನೋಡಿ, ‘ಅಲಸ’ ಎಂದೇ ಇದೆ. ಮೊಬೈಲ್ ಹೇಳುವ ‘ಸದಾ ದುಡಿಯುವ ಮಕರ’ ಇಲ್ಲಿ ಎಲ್ಲೂ ಇಲ್ಲ. ನಮ್ಮ ಕನ್ನಡ ವೆಬ್‌ಸೈಟುಗಳ ರಾಶಿ ಗುಣಗಳಲ್ಲಿ ಬಹುಪಾಲು ಇಂಗ್ಲಿಷಿನ ಸೂರ್ಯ ರಾಶಿ ಪಟ್ಟಿಯನ್ನು ತಂದು, ಮೇಲೆ ‘ಮಕರ’ ಎಂಬ ಹೆಸರು ಅಂಟಿಸಿದ್ದು ಎಂದು ನನ್ನ ಅಂದಾಜು. ಚಂದ್ರ ರಾಶಿ ನೋಡಿಕೊಂಡು ಸೂರ್ಯ ರಾಶಿಯ ಗುಣ ಓದುವುದು, ಚರ್ಚ್‌ಗೇಟಿಗೆ ಟಿಕೆಟ್ ತೆಗೆದು ಸಿಎಸ್‌ಎಂಟಿ ಗಾಡಿ ಹತ್ತಿದ ಹಾಗೆ. ಓದಲೇಬೇಕಾದರೆ ಒಂದು ದಾರಿ ಹಿಡಿದು ಓದಿ.

ಚಳಿಯ ಮಾತು ಮಾತ್ರ ಮುಂಬೈಯಲ್ಲಿ ಪರೀಕ್ಷೆ ಮಾಡಲಾಗದು. ಜನವರಿಯಲ್ಲಿ ಪಾದರಸ ಹದಿನೆಂಟಕ್ಕೆ ಇಳಿದರೆ ಇಲ್ಲಿ ಹನ್ನೆರಡೂ ರಾಶಿಯವರು ಸ್ವೆಟರ್ ಹಾಕುತ್ತಾರೆ.

ಅಕ್ಕ ತಂಗಿ ಇಬ್ಬರದೂ ಮಕರ. ಸ್ವಭಾವ ಮಾತ್ರ ಅಜಗಜಾಂತರ. ಯಾಕೆ?

ನಕ್ಷತ್ರ ಕೇಳಿ ನೋಡಿ. ಮಕರದೊಳಗೆ ಮೂರು ನಕ್ಷತ್ರಗಳಿವೆ: ಉತ್ತರಾಷಾಢದ ಕೊನೆಯ ಮೂರು ಪಾದ, ಶ್ರವಣದ ನಾಲ್ಕೂ ಪಾದ, ಧನಿಷ್ಠೆಯ ಮೊದಲ ಎರಡು ಪಾದ. ಉತ್ತರಾಷಾಢಕ್ಕೆ ಅಧಿಪತಿ ಸೂರ್ಯ, ದೇವತೆ ವಿಶ್ವೇದೇವರು, ಮನುಷ್ಯಗಣ. ಮಾತಿಗೆ ನಿಲ್ಲುವವರು, ಸೋಲು ಒಪ್ಪದವರು ಎನ್ನುತ್ತಾರೆ. ಶ್ರವಣಕ್ಕೆ ಚಂದ್ರ, ದೇವತೆ ವಿಷ್ಣು, ದೇವಗಣ. ಗುರುತು ವಾಮನನ ಮೂರು ಹೆಜ್ಜೆ, ಕೆಲವರ ಪ್ರಕಾರ ಕಿವಿ. ಕೇಳಿಸಿಕೊಳ್ಳುವ ಸ್ವಭಾವ, ಕಲಿಯುವ ಆಸೆ ಇವರಿಗೆ. ಧನಿಷ್ಠೆಗೆ ಕುಜ, ದೇವತೆ ಅಷ್ಟವಸುಗಳು, ಗುರುತು ಮದ್ದಳೆಯಂಥ ವಾದ್ಯ, ರಾಕ್ಷಸಗಣ. ದುಡ್ಡು, ತಾಳ, ಹಟ ಮೂರೂ ಜಾಸ್ತಿ.

ರಾಕ್ಷಸಗಣ ಎಂದ ಕೂಡಲೆ ಹೆಣ್ಣಿನ ಕಡೆಯವರ ಮುಖ ಇಳಿಯುತ್ತದೆ. ಅದೊಂದು ವಿಂಗಡಣೆಯ ಹೆಸರು, ನಡತೆಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಮಕರಕ್ಕೂ ಕುಂಭಕ್ಕೂ ಶನಿಯೇ ಒಡೆಯ. ಹಾಗಾದರೆ ವ್ಯತ್ಯಾಸ ಏನು?

ಮಕರ ಪೃಥ್ವೀತತ್ತ್ವ, ಚರ. ಕುಂಭ ವಾಯುತತ್ತ್ವ, ಸ್ಥಿರ. ಒಬ್ಬ ಮಾಡಿ ತೋರಿಸುತ್ತಾನೆ, ಇನ್ನೊಬ್ಬ ಯೋಚಿಸಿ ಹೇಳುತ್ತಾನೆ ಎಂಬುದು ವಾಡಿಕೆಯ ವಿವರಣೆ.

ಶನಿಯ ರಾಶಿ ಅಂದರೆ ಜೀವನವಿಡೀ ಕಷ್ಟವೇ? ನಮ್ಮ ಸಾಡೇಸಾತಿ ಮುಗಿಯಿತಾ?

ಎರಡನೆಯದಕ್ಕೆ ಮೊದಲು ಉತ್ತರ. ಮುಗಿದಿದೆ. ಜನ್ಮರಾಶಿಗೆ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ, ಈ ಮೂರರಲ್ಲಿ ಶನಿ ಇರುವ ಏಳೂವರೆ ವರ್ಷವೇ ಸಾಡೇಸಾತಿ. ಶನಿ 2017ರ ಜನವರಿಯಲ್ಲಿ ಧನುಸ್ಸಿಗೆ ಬಂದ (ನಡುವೆ ವಕ್ರಿಯಾಗಿ ಕೆಲವು ತಿಂಗಳು ಹಿಂದಕ್ಕೂ ಹೋದ), 2020ರ ಜನವರಿ 24ರಂದು ಮಕರಕ್ಕೆ, 2023ರ ಜನವರಿ 17ರಂದು ಕುಂಭಕ್ಕೆ, 2025ರ ಮಾರ್ಚ್ 29ರಂದು ಮೀನಕ್ಕೆ. ಗ್ರಹಗಳು ಆಕಾಶದಲ್ಲಿ ಕಾಣುವ ಜಾಗಕ್ಕೇ ಲೆಕ್ಕ ಹೊಂದಿಸುವ ದೃಗ್ಗಣಿತ ಪಂಚಾಂಗದ ಪ್ರಕಾರ ಅಲ್ಲಿಗೆ ಮಕರದವರು ಪಾರು. ಮತ್ತೆ ಬರುವುದು 2046ರ ಆಸುಪಾಸಿಗೆ.

ಶನಿ ಮಕರಕ್ಕೆ ಬಂದ ಎರಡೇ ತಿಂಗಳಿಗೆ ಲಾಕ್‌ಡೌನ್ ಆಯಿತಲ್ಲ, ನೋಡಿ ಎಂದು ಈಗಲೂ ಹೇಳುವವರಿದ್ದಾರೆ. ಹೋಟೆಲ್ ಮುಚ್ಚಿ ಊರ ದಾರಿ ಹಿಡಿದವರಲ್ಲಿ ಮೇಷದವರೂ ಇದ್ದರು, ಸಿಂಹದವರೂ ಇದ್ದರು.

ಮೊದಲ ಪ್ರಶ್ನೆಗೆ ಬಂದರೆ, ಶನಿ ಸ್ವಂತ ಮನೆಯವರನ್ನು ಅಷ್ಟು ಕಾಡುವುದಿಲ್ಲ ಎಂಬುದು ಜ್ಯೋತಿಷಿಗಳ ಸಾಮಾನ್ಯ ಮಾತು. ಶನಿಯ ಬಗೆಗಿನ ಭಯಭಕ್ತಿ ತಿಳಿಯಬೇಕಾದರೆ ಮುಂಬೈಯಲ್ಲಿ ತುಳು-ಕನ್ನಡಿಗರು ಶನಿವಾರ ನಡೆಸುವ ಶನಿಪೂಜೆಗೆ ಒಮ್ಮೆ ಹೋಗಿ ಕುಳಿತುಕೊಳ್ಳಬೇಕು. ಎಳ್ಳೆಣ್ಣೆಯ ದೀಪ, ಮುಂದೆ ಗ್ರಂಥ. ಒಬ್ಬರು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಅರ್ಥ ಹೇಳುತ್ತಾರೆ, ತಾಳಮದ್ದಳೆಯ ರುಚಿ ಇದ್ದವರಾದರೆ ಅರ್ಥವೇ ಅರ್ಧ ತಾಸು. ವಿಕ್ರಮರಾಜ ಶನಿಯನ್ನು ಹೀಗಳೆಯುತ್ತಾನೆ, ರಾಜ್ಯ ಹೋಗುತ್ತದೆ, ಕಳ್ಳನೆಂಬ ಆರೋಪ ಬಂದು ಕೈಕಾಲು ಕಳೆದುಕೊಳ್ಳುತ್ತಾನೆ, ಗಾಣಿಗರ ಮನೆಯಲ್ಲಿ ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತಾನೆ. ಅಲ್ಲಿ ಕೂತೇ ದೀಪರಾಗ ಹಾಡಿದಾಗ ಊರಿನ ದೀಪಗಳು ತಾವಾಗಿ ಹೊತ್ತಿಕೊಳ್ಳುತ್ತವೆ. ಕಡೆಗೆ ಶನಿಯೇ ಎಲ್ಲವನ್ನೂ ಹಿಂದಕ್ಕೆ ಕೊಡುತ್ತಾನೆ. ಮಕರದವರಿಗೆ ಹೇಳುವ ‘ತಡವಾದರೂ ಸಿಗುತ್ತದೆ’ ಎಂಬ ಮಾತಿನ ಪೂರ್ತಿ ಕಥೆ ಇದೇ.

ನೀಲಮಣಿ ಹಾಕಿಕೊಳ್ಳಲೇ?

ನನ್ನನ್ನು ಕೇಳಿದರೆ ಬೇಡ. ನೀಲ ಎಲ್ಲರಿಗೂ ಆಗಿಬರುವುದಿಲ್ಲ ಎಂದು ಹೇಳಿಕೊಡುವ ಜ್ಯೋತಿಷಿಯೇ ಮರುಕ್ಷಣ ಅಂಗಡಿಯ ವಿಳಾಸ ಕೊಟ್ಟರೆ ಎದ್ದು ಬನ್ನಿ. ಆಸೆಯಿಂದ ಒಡವೆಯಾಗಿ ಕೊಳ್ಳುವುದಾದರೆ ಅದು ಬೇರೆ ವಿಷಯ. ಆಗ ಲ್ಯಾಬಿನ ಸರ್ಟಿಫಿಕೇಟ್ ಕೇಳಿ.

ಮಕರದವರಿಗೆ ಮೊಣಕಾಲು ನೋವು ಖಂಡಿತವೇ?

ಕಾಲಪುರುಷನ ಮೈಯಲ್ಲಿ ಮೇಷ ತಲೆ, ಮೀನ ಪಾದ. ಆ ಎಣಿಕೆಯಲ್ಲಿ ಹತ್ತನೆಯದಾದ ಮಕರಕ್ಕೆ ಮೊಣಕಾಲು ಬರುತ್ತದೆ. ಇಷ್ಟೇ ಆಧಾರ. ದಾದರ್ ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವವರ ಮೊಣಕಾಲಿಗೆ ರಾಶಿ ಬೇಕಾಗಿಲ್ಲ. ನೋವಿದ್ದರೆ ಮೂಳೆ ಡಾಕ್ಟರನ್ನು ನೋಡಿ.

ಮದುವೆಗೆ ಮಕರಕ್ಕೆ ಯಾವ ರಾಶಿ ಕೂಡುತ್ತದೆ?

ಮೊದಲು ಚೌಕದ ಮಾತು, ಇಲ್ಲಿ ಎಡವುವವರು ಬಹಳ. ಊರಿನ ಜಾತಕದಲ್ಲಿ ರಾಶಿಗಳ ಜಾಗ ಕಾಯಂ. ಎಡಗಡೆಯ ಸಾಲಿನಲ್ಲಿ ಕೆಳಮೂಲೆಯ ಧನುಸ್ಸಿಗೆ ಸರಿಯಾಗಿ ಮೇಲಿನ ಮನೆಯೇ ಮಕರ. ಮಹಾರಾಷ್ಟ್ರದ ಪತ್ರಿಕೆಯಲ್ಲಿ (ಜಾತಕಕ್ಕೆ ಇಲ್ಲಿ ಹೀಗೆನ್ನುತ್ತಾರೆ) ಕರ್ಣ ಎಳೆದ ಚೌಕ, ಅಲ್ಲಿ ಲಗ್ನದ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿಯ, ಜಾಗ ಕಾಯಂ, ರಾಶಿಯನ್ನು ಅಂಕಿಯಲ್ಲಿ ಬರೆಯುತ್ತಾರೆ. 10 ಎಂದಿರುವ ಮನೆ ಮಕರ. ಅದು ಹತ್ತನೆಯ ಭಾವ (ಲಗ್ನದಿಂದ ಎಣಿಸಿದ ಹತ್ತನೆಯ ಮನೆ) ಅಲ್ಲ. ಹುಡುಗನ ಕಡೆಯವರು ಕಳಿಸಿದ ಪತ್ರಿಕೆಯಲ್ಲಿ 10ರ ಹತ್ತಿರ ‘ಚಂ’ ಇದ್ದರೆ ಅವನು ಮಕರ ರಾಶಿ.

ಇಲ್ಲಿ 36 ಗುಣಗಳ ಲೆಕ್ಕ. ಅದರಲ್ಲಿ ರಾಶಿಕೂಟಕ್ಕೆ (ಇಬ್ಬರ ರಾಶಿಗಳ ಹೊಂದಾಣಿಕೆಗೆ) 7, ನಾಡಿಗೆ (ನಕ್ಷತ್ರಗಳನ್ನು ಮೂರು ಗುಂಪು ಮಾಡುವ ವಿಂಗಡಣೆಗೆ) 8. ಒಬ್ಬರ ರಾಶಿಯಿಂದ ಇನ್ನೊಬ್ಬರದು ಆರು-ಎಂಟು ಬಿದ್ದರೆ ಷಡಷ್ಟಕ. ಮಕರಕ್ಕೆ ಮಿಥುನ, ಸಿಂಹ ಎರಡೂ ಹೀಗೆ ಬೀಳುತ್ತವೆ. ಆದರೆ ಮಿಥುನದ ಬುಧನಿಗೂ ಶನಿಗೂ ಸ್ನೇಹ, ಆದ್ದರಿಂದ ಅದನ್ನು ಪ್ರೀತಿ ಷಡಾಷ್ಟಕ ಎಂದು ಬಿಡುತ್ತಾರೆ. ಸಿಂಹದ ಸೂರ್ಯನಿಗೂ ಶನಿಗೂ ಆಗದು, ಅದಕ್ಕೆ ಮೃತ್ಯು ಷಡಾಷ್ಟಕ ಎಂಬ ಭಯಂಕರ ಹೆಸರು. ವೃಷಭ, ಕನ್ಯಾ ಹೊಂದುತ್ತವೆ ಎಂಬುದು ವಾಡಿಕೆಯ ಮಾತು. ಎದುರಿನ ಕರ್ಕಾಟಕ ಸಮಸಪ್ತಕ, ಅದನ್ನೂ ಒಪ್ಪುತ್ತಾರೆ. ಉತ್ತರಾಷಾಢ, ಶ್ರವಣ ಎರಡೂ ಅಂತ್ಯನಾಡಿ, ಧನಿಷ್ಠೆ ಮಧ್ಯನಾಡಿ.

ಗುಣ ಕೂಡಿಸಿ ನೋಡುವ ಹೊತ್ತಿಗೆ ಹುಡುಗ ಹುಡುಗಿಯನ್ನು ಎದುರು ಕೂರಿಸಿ ಒಂದು ಕಪ್ ಚಹಾ ಕುಡಿಯಲು ಬಿಡಿ. ವಿರಾರಿನಲ್ಲಿ ಇರುವವರು ಪನವೇಲಿನವರನ್ನು ಮದುವೆಯಾದರೆ ಯಾರು ಕೆಲಸಕ್ಕೆ ಹೇಗೆ ಹೋಗುವುದು ಎಂಬುದು ನಾಡಿಗಿಂತ ದೊಡ್ಡ ಪ್ರಶ್ನೆ.

ಮಕರ ಸಂಕ್ರಾಂತಿ ಮಕರ ರಾಶಿಯವರ ಹಬ್ಬವೇ?

ಅಲ್ಲ. ಸೂರ್ಯ ಮಕರಕ್ಕೆ ಬರುವ ದಿನ, ಎಲ್ಲರಿಗೂ ಹಬ್ಬ. ಆಕಾಶದಲ್ಲಿ ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರಂದೇ. ಹಿಂದೆ ಅದೂ ಸಂಕ್ರಾಂತಿಯೂ ಕೂಡಿ ಬರುತ್ತಿದ್ದವು, ಅಯನಾಂಶ ಬೆಳೆದ ಹಾಗೆ ದೂರವಾದವು. ಈಗಲೂ ಸುಮಾರು 70 ವರ್ಷಕ್ಕೊಂದು ದಿನ ಮುಂದಕ್ಕೆ ಹೋಗುತ್ತಿದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಆ ವರ್ಷದ ಸಂಕ್ರಾಂತಿ.

ನಮ್ಮ ಎಳ್ಳುಬೆಲ್ಲ, ಇಲ್ಲಿಯ ತಿಳಗುಳ, ಎರಡರಲ್ಲೂ ಎಳ್ಳು ಇದೆಯಲ್ಲ. ಎಳ್ಳು ಶನಿಯ ಧಾನ್ಯ, ಮಕರ ಶನಿಯ ಮನೆ ಎಂದು ಹಿರಿಯರು ಜೋಡಿಸುತ್ತಾರೆ. ವರ್ಷದ ಬೇರೆ ಹಬ್ಬಕ್ಕೆ ಕಪ್ಪು ಬೇಡ ಎನ್ನುವ ಮರಾಠಿ ಹೆಂಗಸರು ಅವತ್ತು ಕಪ್ಪು ಸೀರೆ ಉಟ್ಟೇ ಹಳದಿ-ಕುಂಕುಮಕ್ಕೆ ಬರುತ್ತಾರೆ. ನಮ್ಮವರೂ ಒಂದೆರಡು ಪೀಳಿಗೆಯಲ್ಲಿ ಕಲಿತುಬಿಟ್ಟಿದ್ದಾರೆ. ಊರಿನಿಂದ ಬಂದ ಅತ್ತೆ ಮಾತ್ರ ಸೊಸೆಯ ಸೀರೆ ನೋಡಿ ಹುಬ್ಬೇರಿಸುತ್ತಾರೆ.

ಮುಂಬೈಯಿಂದ ಮಕರ ರಾಶಿ ಕಾಣುತ್ತದೆಯೇ?

ಕಷ್ಟ. ಅದರಲ್ಲಿ ಬಹಳ ಪ್ರಕಾಶದ ನಕ್ಷತ್ರವೇ ಇಲ್ಲ. ಸೆಪ್ಟೆಂಬರ್-ಅಕ್ಟೋಬರ್ ಸಂಜೆ ದಕ್ಷಿಣ ದಿಕ್ಕಿನಲ್ಲಿ ಇರುತ್ತದೆ, ಊರಿನ ದೀಪದಲ್ಲಿ ಮುಳುಗಿಹೋಗುತ್ತದೆ. ಮಾಥೇರಾನಿನಂಥ ಕತ್ತಲಿನ ಜಾಗಕ್ಕೆ ಹೋದರೆ ಬಾಗಿದ ತ್ರಿಕೋನದ ಹಾಗೆ ಕಾಣುತ್ತದೆ. ಶ್ರವಣ ನಕ್ಷತ್ರ ಮಾತ್ರ ಮುಂಬೈಯಲ್ಲೂ ಹೊಳೆಯುತ್ತದೆ. ಆದರೆ ಅದು ಗರುಡ ಮಂಡಲದ ಚುಕ್ಕಿ, ಮಕರದ ಚಿತ್ರದಿಂದ ಸಾಕಷ್ಟು ಉತ್ತರಕ್ಕಿದೆ. ಸುಲಭದ ಉಪಾಯ ಬೇಕೆಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ ಬರುವ ಹುಣ್ಣಿಮೆ ನೋಡಿ. ಆಗ ಸೂರ್ಯ ಕರ್ಕಾಟಕದಲ್ಲಿ, ಎದುರಿಗಿರುವ ಚಂದ್ರ ಮಕರದಲ್ಲಿ. ಮೋಡ ಬಿಟ್ಟುಕೊಡಬೇಕು, ಅಷ್ಟೇ.

ಇದನ್ನೆಲ್ಲ ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?

ಇಲ್ಲೇ ಪಕ್ಕದಲ್ಲಿ ಮಾಡಿದ್ದಾರೆ. ಪುಣೆಯ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಜೊತೆಗಾರರು 200 ಮಕ್ಕಳ ಜಾತಕ ಸೇರಿಸಿದರು. ಅರ್ಧ ಓದಿನಲ್ಲಿ ಚುರುಕಾದ ಮಕ್ಕಳದು, ಅರ್ಧ ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳದು. ಯಾವುದು ಯಾರದು ಎಂದು ಗುರುತಿಸಲು ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟರು. ಉತ್ತರ ಕಳಿಸಿದ 27 ಮಂದಿಯ ಸರಾಸರಿ ಶೇಕಡ 46. ನಾಣ್ಯ ಚಿಮ್ಮಿದ್ದರೆ 50 ಬರಬೇಕು. ಫಲಿತಾಂಶ ಪ್ರಕಟವಾದದ್ದು 2009ರಲ್ಲಿ.

ಹಾಗಾದರೆ ಗುಣ ಓದಿದಾಗ ‘ಅರೇ, ನನ್ನದೇ’ ಅನಿಸುವುದೇಕೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳೆಲ್ಲರಿಗೂ ಒಂದೇ ಬರಹ ಹಂಚಿ, ಇದು ನಿಮ್ಮ ನಿಮ್ಮ ಸ್ವಭಾವ, ಐದಕ್ಕೆ ಎಷ್ಟು ಅಂಕ ಎಂದು ಕೇಳಿದ. ಸರಾಸರಿ ನಾಲ್ಕಕ್ಕಿಂತ ಹೆಚ್ಚು ಬಂತು. ‘ಹೊರಗೆ ಗಟ್ಟಿ, ಒಳಗೆ ಮೃದು’ ಎಂದರೆ ಬೇಡ ಅನ್ನುವವರು ಯಾರು?

ನಾನು ಮಕರವನ್ನು ಚಿತ್ರವಾಗಿ, ಕಥೆಯಾಗಿ ಇಷ್ಟಪಡುತ್ತೇನೆ. ಬಾಡಿಗೆಯವರನ್ನೋ ಸೊಸೆಯನ್ನೋ ಆರಿಸಲು ಬಳಸುವುದನ್ನು ಇಷ್ಟಪಡುವುದಿಲ್ಲ.

ಅಜ್ಜನ ಹಳೇ ಜಾತಕದ ಸಮಯ ಆ್ಯಪಿಗೆ ಹಾಕಿದರೆ ಲಗ್ನ ಬೇರೆ ಬರುತ್ತಿದೆ. ಯಾಕೆ?

ಅಜ್ಜ ಹುಟ್ಟಿದ್ದು ಮುಂಬೈಯಲ್ಲೇ ಆಗಿದ್ದರೆ ಗಡಿಯಾರ ಯಾವುದು ಎಂದು ಕೇಳಿ. 1906ರಲ್ಲಿ ಭಾರತೀಯ ಸಮಯ ಬಂದ ಮೇಲೂ ಈ ಊರು 1955ರವರೆಗೆ ‘ಬಾಂಬೆ ಟೈಮ್’ ಬಿಟ್ಟುಕೊಡಲಿಲ್ಲ. ಅದು ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. ಮೇಲಿಂದ 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಯುದ್ಧಕ್ಕಾಗಿ ಭಾರತೀಯ ಸಮಯವನ್ನೇ ಒಂದು ತಾಸು ಮುಂದಕ್ಕೆ ಇಟ್ಟಿದ್ದರು. ಲಗ್ನ ಸುಮಾರು ಎರಡು ತಾಸಿಗೊಮ್ಮೆ ಬದಲಾಗುವುದರಿಂದ ಇಷ್ಟು ವ್ಯತ್ಯಾಸ ಸಾಕು. ರಾಶಿ ಅಷ್ಟು ಸುಲಭಕ್ಕೆ ಬದಲಾಗದು, ಚಂದ್ರ ತಾಸಿಗೆ ಅರ್ಧ ಡಿಗ್ರಿ ಮಾತ್ರ ಸರಿಯುತ್ತಾನೆ. ಧನುಸ್ಸು-ಮಕರದ ಗಡಿಯಲ್ಲಿದ್ದವರು ಮಾತ್ರ ಮತ್ತೊಮ್ಮೆ ಲೆಕ್ಕ ಹಾಕಿಸಿ.

ಮಗುವಿಗೆ ಮಕರ ಬಂದಿದೆ. ಯಾವ ಅಕ್ಷರದ ಹೆಸರು?

ಉತ್ತರಾಷಾಢದ ಮಕರದ ಪಾದಗಳಿಗೆ ಭೋ, ಜಾ, ಜೀ. ಧನಿಷ್ಠೆಯ ಮೊದಲ ಎರಡಕ್ಕೆ ಗಾ, ಗೀ. ಶ್ರವಣಕ್ಕೆ ಕೆಲವು ಪಂಚಾಂಗದಲ್ಲಿ ಖೀ, ಖೂ, ಖೇ, ಖೋ, ಇನ್ನು ಕೆಲವದರಲ್ಲಿ ಜೂ, ಜೇ, ಜೋ, ಖ. ಖೀ ಎಂದು ಹೆಸರು ಹುಡುಕಿ ಸುಸ್ತಾದವರು ಜ-ಕಾರದ ಪಟ್ಟಿ ಹಿಡಿಯುವುದು ವಾಡಿಕೆ. ಅದೂ ಬೇಡ ಎಂದರೆ ರಾಶಿಯ ಹೆಸರನ್ನು ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೇಳಿ, ಮುನ್ಸಿಪಾಲಿಟಿಯ ಜನನ ಪತ್ರದಲ್ಲಿ ನಿಮಗೆ ಇಷ್ಟವಾದದ್ದನ್ನು ಬರೆಸಿ. ಪತ್ರ ಕೈಗೆ ಬಂದ ಕೂಡಲೆ ಸ್ಪೆಲಿಂಗ್ ಒಮ್ಮೆ ನೋಡಿಕೊಳ್ಳಿ, ನಮ್ಮ ಹೆಸರುಗಳು ಇಲ್ಲಿ ಬೇಗ ಮರಾಠಿಯಾಗಿಬಿಡುತ್ತವೆ.